ಗರಿಯ ಬೂದಿ

ಫಾದರ್ ಹೆಬ್ಬೆರಳಿನಿಂದ ಅವಳ ಹಣೆಯ ಮೇಲೆ ಬೂದಿಯ ಶಿಲುಬೆ ಎಳೆದು, ಮಣ್ಣಿನಿಂದ ಬಂದವಳು ಮಣ್ಣಿಗೇ ಮರಳುತ್ತೀ ಎಂದು ಮೆಲ್ಲಗೆ ಹೇಳಿ, ಹಿಂದಿನವರ ಕಡೆ ತಿರುಗಿದ್ದರು. ಪ್ರೇಮಲೀಲಾ ಸಾಲಿನಿಂದ ಹೊರಬಂದು ಕಂಬದ ಪಕ್ಕದ ತನ್ನ ಬೆಂಚು ಸೇರುವಷ್ಟರಲ್ಲಿ ಬಲಗೈ ತಾನಾಗಿಯೇ ಮೇಲೆದ್ದು, ನಡುವಿನ ಮೂರು ಬೆರಳು ಹಣೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಳೆದು ಮುಗಿಸಿದ್ದವು. ಕೈ ಕೆಳಗಿಳಿದ ಮೇಲೆಯೇ ಅದು ಅವಳಿಗೆ ಗೊತ್ತಾದದ್ದು. ಬೆರಳ ತುದಿಗಳಲ್ಲಿ ಬೂದಿ ಮೆತ್ತಿತ್ತು. ಬುದ್ಧಿ ಬಂದಾಗಿನಿಂದ ಬೆಳಗಾದರೆ ಮಾಡಿಕೊಂಡು ಬಂದ ಕೆಲಸ. ಹಣೆಗೆ ಬೂದಿ ತಾಗಿದೊಡನೆ ಮುಂದಿನದು ನನ್ನದು ಎಂದು ಕೈ ಅಂದುಕೊಂಡಿರಬೇಕು. ಹೋದ ವರ್ಷ ಹೀಗಾಗಿರಲಿಲ್ಲ. ಹೋದ ವರ್ಷ ಎರಡೂ ಕೈಯಲ್ಲಿ ಜಪಸರವನ್ನು ಬಿಗಿಯಾಗಿ ಹಿಡಿದಿದ್ದಳು. ಈ ಸಲ ನಿನ್ನೆಯಿಂದ ಅವ್ವನದೇ ಯೋಚನೆಯಾಗಿ ಜಪಸರವನ್ನು ರೂಮಿನಲ್ಲೇ ಮರೆತು ಬಂದಿದ್ದಳು. ಬೆಂಚಿನ ಆ ತುದಿಯಲ್ಲಿದ್ದ ಸವೇರಮ್ಮ, ಹುಟ್ಟಿದಾಗಿನಿಂದ ಇದೇ ಚರ್ಚಿಗೆ ಬರುತ್ತಿರುವವರು, ಕನ್ನಡಕ ಸರಿಮಾಡಿಕೊಂಡು ಅವಳತ್ತ ಬಾಗಿದರು.

"ಅಯ್ಯೋ ಪ್ರೇಮಾ, ಫಾದರ್ ಇಟ್ಟಿದ್ ಶಿಲುಬೇನ ಅಳಿಸ್ಬುಟ್ಟೆಯಲ್ಲಮ್ಮ. ಒಳ್ಳೆ ನಾಮ ಬಳ್ಕೊಂಡಂಗೆ ಕಾಣ್ತೀಯ ಕಣಮ್ಮ."

ನಾಮವಲ್ಲ, ವಿಭೂತಿ, ನಾಮ ಹಾಕಿಕೊಳ್ಳುವವರು ಬೇರೆ ಎಂದು ನಾಲಿಗೆಯ ತುದಿಗೆ ಬಂತು. ಇಷ್ಟು ನಾಚಿಕೆಯ ನಡುವೆಯೂ ಅದು ಬಂದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು. ಸಾಲಿಗೆ ಹೋಗಿ ಮತ್ತೊಮ್ಮೆ ಹಣೆ ಒಡ್ಡಬಹುದೇ? ಎರಡು ಸಲ ಬೂದಿ ಇಡುತ್ತಾರೋ ಇಲ್ಲವೋ ಅವಳಿಗೆ ತಿಳಿಯದು. ಕೇಳಿದರೆ ಸವೇರಮ್ಮ ಹೇಳಿಯಾರು, ಆದರೆ ಆಮೇಲೆ ಹೊರಗೆ ಮೆಟ್ಟಿಲ ಮೇಲೆ ಇನ್ನಿಬ್ಬರಿಗೂ ಹೇಳಿಯಾರು. ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವಳು ಪ್ರೇಮಲೀಲಾ. ಹಗಲು ಓದಿದವರಿಗೆಲ್ಲ ಗೊತ್ತಿರುವ ಯಾವುದೋ ಒಂದು ಪಾಠ ತನಗೆ ಮಾತ್ರ ತಪ್ಪಿಹೋಗಿದೆ ಎಂಬ ಅನುಮಾನ ಆ ದಿನಗಳಲ್ಲಿ ಹತ್ತಿಕೊಂಡದ್ದು ಇನ್ನೂ ಬಿಟ್ಟಿರಲಿಲ್ಲ. ಇಲ್ಲಿಯೂ ಅಷ್ಟೆ. ಯಾವಾಗ ಮೊಣಕಾಲೂರಬೇಕು, ಯಾವಾಗ ಏಳಬೇಕು ಎಂಬುದನ್ನು ಮುಂದಿನ ಬೆಂಚಿನವರ ಬೆನ್ನು ನೋಡಿ ತಿಳಿದುಕೊಳ್ಳುತ್ತಿದ್ದಳು. ದೇವರ ಹತ್ತಿರಕ್ಕೂ ಸಂಜೆ ತರಗತಿಗೇ ಸೇರಿದವಳು ತಾನು. ಮೊದಲ ವರ್ಷ, ಬರುವ ವಾರ ವಿಭೂತಿ ಬುಧವಾರ ಎಂದು ಫಾದರ್ ಪ್ರಕಟಿಸಿದಾಗ, ಗುರುತಿಲ್ಲದ ಊರಿನ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಮನೆಯ ಹೆಸರು ಹಿಡಿದು ಕೂಗಿದ ಹಾಗೆ ಬೆಚ್ಚಿಬಿದ್ದಿದ್ದಳು. ಆ ಮಾತು ಇಲ್ಲಿ ಹೇಗೆ ಬಂತು? ಅದು ತವರೂರು ಮಂಡಕಳ್ಳಿಯ ಹಿತ್ತಲಿನದು. ಶಿವರಾತ್ರಿಯಂದು ಅವ್ವ ಸಗಣಿ ಉಂಡೆಗಳನ್ನು ಹೊಟ್ಟಿನ ನಡುವೆ ಜೋಡಿಸಿ ಬೆಂಕಿ ಇಡುತ್ತಿದ್ದಳು. ಆರಿದ ಮೇಲೆ ಬೂದಿಯನ್ನು ಹಳೆಯ ಪಂಚೆಯಲ್ಲಿ ಸೋಸಿ, ನೀರಲ್ಲಿ ತಿಳಿಯಾಗಿಸಿ, ಗಟ್ಟಿ ಕಟ್ಟಿ ಮಠಕ್ಕೆ ಕಳಿಸುತ್ತಿದ್ದಳು. ಮೊದಲ ಗಟ್ಟಿ ಮಾತ್ರ ಮಕ್ಕಳ ಹಣೆಗೆ. ಇನ್ನೂ ಒದ್ದೆಯಾಗಿರುತ್ತಿತ್ತು, ತಣ್ಣಗಿರುತ್ತಿತ್ತು.

ಆ ಅವ್ವನನ್ನು ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ನಿನ್ನೆ ಫೋನ್ ಮಾಡಿ ತಿಳಿಸಿದವಳು ತಮ್ಮನ ಹೆಂಡತಿ ಹೇಮಶ್ರೀ. ಇನ್ನು ಇಲ್ಲಿ ಮಾಡುವುದೇನೂ ಇಲ್ಲ, ಮನೆಯಲ್ಲೇ ನೆಮ್ಮದಿಯಾಗಿರಲಿ ಎಂದರಂತೆ. "ಸ್ಕ್ಯಾನ್ ಮಾಡೋಕೆ ಕೊರಳಲ್ಲಿರೋದ್ ತೆಗೀರಿ ಅಂದ್ರೆ ತೆಗೀಲೇ ಇಲ್ಲ ಅತ್ತಿಗೆ, ಎರಡೂ ಕೈಲಿ ಎದೆ ಮೇಲೆ ಹಿಡ್ಕೊಂಡ್ಬುಟ್ರು, ದೊಡ್ಡ ರಂಪ," ಎಂದು ಹೇಳಿ, "ನೀವು ಬಂದು ಹೋಗಿ. ಒಳಗೆ ಕರೀತಾರೋ ಇಲ್ವೋ ನಂಗೊತ್ತಿಲ್ಲ. ಬಂದು ಹೋಗಿ," ಎಂದಿದ್ದಳು. ಕರೆಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಜ್ಞಾನಸ್ನಾನಕ್ಕೆ ಮೊದಲು ಪ್ರೇಮಲೀಲಾ ಕತ್ತಿನ ಶಿವದಾರ ಬಿಚ್ಚಿ, ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯ ಸಮೇತ ಒಗೆದ ಬಟ್ಟೆಯಲ್ಲಿ ಸುತ್ತಿ ಜಯಲಕ್ಷ್ಮಿಪುರಂನ ತಮ್ಮನ ಮನೆಗೆ ತಂದಿದ್ದಳು. ಅದನ್ನು ಎಲ್ಲಿಯೋ ಬಿಟ್ಟುಬಿಡಲು ಮನಸ್ಸು ಬಂದಿರಲಿಲ್ಲ. ಇಟ್ಟುಕೊಂಡಿರಲೂ ಮನಸ್ಸು ಒಪ್ಪಿರಲಿಲ್ಲ. ಅವ್ವ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. "ಬರಿ ಹಣೆ ಹೊತ್ಕೊಂಡು ನನ್ನ ಮುಂದೆ ಬರಬ್ಯಾಡ ಪ್ರೇಮಾ," ಎಂದಳು. ಬೈಯಲಿಲ್ಲ, ಅಳಲಿಲ್ಲ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದಿನಿಂದ ಪ್ರೇಮಲೀಲಾ ಆ ಮನೆಯ ಜಗಲಿಯವರೆಗೆ ಮಾತ್ರ. ಹಣ್ಣೋ ಮಾತ್ರೆಯೋ ತಂದುಕೊಟ್ಟು, ಹೇಮಶ್ರೀ ಕೊಟ್ಟ ಕಾಫಿಯನ್ನು ಅಲ್ಲೇ ಕುಡಿದು, ಒಳಗಿನ ಕೆಮ್ಮನ್ನು ಕೇಳಿಸಿಕೊಂಡು ಹಿಂದಿರುಗುತ್ತಿದ್ದಳು. ಲೋಟವನ್ನು ತಾನೇ ತೊಳೆದಿಡಬೇಕೋ ಹಾಗೇ ಬಿಡಬೇಕೋ ಎಂಬುದು ಪ್ರತಿ ಸಲವೂ ಅವಳನ್ನು ಕಾಡುತ್ತಿತ್ತು. ತೊಳೆದರೆ ತಾನು ಹೊರಗಿನವಳೆಂದು ಒಪ್ಪಿಕೊಂಡ ಹಾಗೆ, ಬಿಟ್ಟರೆ ಹಕ್ಕು ತೋರಿಸಿದ ಹಾಗೆ.

ಲಷ್ಕರ್ ಮೊಹಲ್ಲಾದ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಅವಳ ಕೆಲಸ ಕಿಟಕಿಯ ಹಿಂದೆ. ಬಂದವರ ಹೆಸರು ಕೇಳಿ ರಿಪೋರ್ಟಿನ ಲಕೋಟೆ ಕೊಡುವುದು. ಲಕೋಟೆ ಕೊಡುವಾಗ ಮುಖ ನೋಡಬಾರದು ಎಂದು ತನಗೆ ತಾನೇ ಮಾಡಿಕೊಂಡ ನಿಯಮವಿತ್ತು. ನೋಡಿದರೆ ಅವರು ಅವಳ ಕಣ್ಣಿನಲ್ಲಿ ಫಲಿತಾಂಶ ಹುಡುಕುತ್ತಿದ್ದರು. ಇವತ್ತು ಅವಳು ತಲೆ ತಗ್ಗಿಸಿದ್ದರೂ ಎಲ್ಲರ ಕಣ್ಣು ಹಣೆಯ ಮೇಲೆಯೇ ನಿಂತ ಹಾಗನ್ನಿಸಿತು. ರಕ್ತ ತೆಗೆಯುವ ಧರಣಿ ಕೈಗವಸು ಎಳೆದು ತೆಗೆಯುತ್ತಾ ಬಂದವಳು ನಕ್ಕುಬಿಟ್ಟಳು.

"ಏನ್ ಮೇಡಂ, ಪಾರ್ಟಿ ಚೇಂಜಾ? ಶಿವರಾತ್ರಿ ಮುಗಿದ್ ಮೇಲೆ ಜ್ಞಾನೋದಯ ಆಯ್ತಾ?"

"ಇಲ್ಲ ಕಣೇ, ಇದು..." ಎಂದು ಶುರು ಮಾಡಿದಳು. ಕಿಟಕಿಯಲ್ಲಿ ಯಾರೋ ಹೆಸರು ಹೇಳಿದರು. ಲಕೋಟೆ ಹುಡುಕಿ ಕೊಡುವಷ್ಟರಲ್ಲಿ ಧರಣಿ ಹೋಗಿದ್ದಳು. ಹೇಳಿದ್ದರೆ ಒಂದೇ ವಾಕ್ಯ. ಆ ವಾಕ್ಯ ಇಡೀ ಬೆಳಗು ಬಾಯಲ್ಲಿ ಉಳಿಯಿತು, ನುಂಗಲಾಗದ ಮಾತ್ರೆಯ ಹಾಗೆ. ಮಧ್ಯಾಹ್ನ ರಜೆ ಕೇಳಿಕೊಂಡು ಹೊರಡುವ ಮುಂಚೆ ಹಿಂದಿನ ವಾಶ್‌ಬೇಸಿನ್ ಮೇಲಿನ ಕನ್ನಡಿ ನೋಡಿದಳು. ಬೆಳಿಗ್ಗೆ ಕಪ್ಪಗಿದ್ದ ಬೂದಿ ಒಣಗಿ ಬಿಳಿಚಿಕೊಂಡಿತ್ತು. ಶಿಲುಬೆಯ ಕುರುಹೇ ಇರಲಿಲ್ಲ. ಮೂರು ಗೆರೆ, ಮಾಸಲು, ಆದರೆ ಅವ್ವ ಎಳೆದಿದ್ದರೆ ಎಷ್ಟು ನೇರವಿರುತ್ತಿತ್ತೋ ಅಷ್ಟೇ ನೇರ. ಕನ್ನಡಿಯಲ್ಲಿದ್ದವಳು ಅವ್ವನ ಮಗಳು, ಬಸಮ್ಮನ ಮಗಳು. ಆಗ ಅವಳಿಗೆ ಒಂದು ಯೋಚನೆ ಬಂತು. ಈ ಹಣೆ ಹೊತ್ತು ಹೋದರೆ ಒಳಗೆ ಬಿಡುತ್ತಾರೆ. ನಲ್ಲಿ ತಿರುಗಿಸಿದಳು. ನೀರು ಬಂತು. ಕೈ ಒಡ್ಡಿದಳು, ಕೈ ಮಾತ್ರ ತೊಳೆದಳು. ಚರ್ಚಿನಲ್ಲಿ ಇಟ್ಟದ್ದನ್ನು ತೊಳೆಯಬಾರದು, ಅದಕ್ಕೇ ತೊಳೆಯಲಿಲ್ಲ ಎಂದು ಹೇಳಿಕೊಂಡಳು. ಹೇಳಿಕೊಂಡದ್ದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಬೆಳಿಗ್ಗೆ ಆ ಕೈ ಮೇಲೆದ್ದದ್ದಾದರೂ ನಿಜವಾಗಿ ತಾನಾಗಿಯೇನಾ ಎಂದು ಬಸ್ಸಿನಲ್ಲಿ ಕೂತ ಮೇಲೆ ಅನುಮಾನ ಬರತೊಡಗಿತು.

ಕಿಟಕಿಯ ಪಕ್ಕ ಬಿಸಿಲಿತ್ತು. ಗಂಡನ ಆಸ್ಪತ್ರೆಯ ವರ್ಷಗಳೂ ಹೀಗೆಯೇ ಬಿಸಿಲಿನ ಕಡೆಯ ಸೀಟಿನಲ್ಲಿ ಕಳೆದದ್ದು. ಗಂಡ ಪ್ರಭುಸ್ವಾಮಿಯವರಿಗೆ ಕಿಡ್ನಿ ಹೋಗಿ, ವಾರಕ್ಕೆರಡು ಸಲ ಯಂತ್ರಕ್ಕೆ ಹಚ್ಚಿ ರಕ್ತ ಶುದ್ಧ ಮಾಡಿಸಬೇಕಿತ್ತು. ಅವರು ಒಳಗೆ ಮಲಗಿದರೆ ಜೊತೆಯವರು ಹೊರಗೆ ತಗಡಿನ ಸೂರಿನ ಕೆಳಗೆ ಕಾಯಬೇಕು. ಅದು ಕ್ರೈಸ್ತ ಸನ್ಯಾಸಿನಿಯರು ನಡೆಸುವ ಆಸ್ಪತ್ರೆ. ಕಾರಿಡಾರಿನ ಕೊನೆಯಲ್ಲಿ ಸಣ್ಣ ಪ್ರಾರ್ಥನಾ ಕೋಣೆ, ಅಲ್ಲಿ ಒಂದು ಫ್ಯಾನು. ಅವಳು ಮೊದಲು ಒಳಗೆ ಹೋದದ್ದು ಆ ಫ್ಯಾನಿಗೆ. ಇದನ್ನು ಅವಳೇ ತಮ್ಮನಿಗೆ ಹೇಳಿದ್ದಳು, ಮುಚ್ಚಿಡಬಾರದೆಂದು. "ಫ್ಯಾನ್ ಗಾಳಿಗೆ ಮತ ಬಿಟ್ಟೋಳು ಲೋಕದಲ್ಲಿ ನೀನೊಬ್ಳೇ ಕಣಕ್ಕ," ಎಂದು ಮೃತ್ಯುಂಜಯ ನಕ್ಕಿದ್ದ. ನಗು ಮುಗಿದ ಮೇಲೆ ಅವನ ಕಣ್ಣು ಕೆಂಪಗಾಗಿತ್ತು. ಆಮೇಲೆ ನೆಂಟರ ಮನೆಗಳಲ್ಲೆಲ್ಲ ಆ ಮಾತು ಓಡಾಡಿತು. ಆ ಕೋಣೆಯಲ್ಲಿ ಯಾರೂ ಅವಳಿಗೆ ಏನನ್ನೂ ಬೋಧಿಸಿರಲಿಲ್ಲ. ಅತ್ತರೆ ಯಾಕೆಂದು ಕೇಳುವವರಿರಲಿಲ್ಲ, ಅಷ್ಟೆ. ಹೂ ಬದಲಿಸಲು ಬರುತ್ತಿದ್ದ ವಯಸ್ಸಾದ ಸಿಸ್ಟರ್ ಒಬ್ಬರನ್ನು ಅವಳೇ ಒಂದು ದಿನ ಕೇಳಿದ್ದಳು, ಗೋಡೆಯ ಶಿಲುಬೆಯ ಮೇಲಿನ ಮೂರ್ತಿ ತೋರಿಸಿ, ಇವರ ಮುಖ ಯಾಕೆ ಹೀಗಿದೆ ಎಂದು. ಗೆಳೆಯ ಸತ್ತಾಗ ಅತ್ತವನಮ್ಮ ಅವನು ಎಂದರು ಆಕೆ. ತಾನು ಸಾಯುವಾಗ ನನ್ನನ್ನು ಯಾಕೆ ಕೈಬಿಟ್ಟೆ ಎಂದು ಕೂಗಿದವನು ಎಂದರು. ವಿಷ ಕುಡಿದೂ ಕಂಠದಲ್ಲೇ ನಿಲ್ಲಿಸಿಕೊಂಡ ದೇವರನ್ನು ಪ್ರೇಮಲೀಲಾ ಬಲ್ಲಳು. ಅವನನ್ನು ಕಂಡರೆ ಈಗಲೂ ಕೈ ಮುಗಿಯುವಷ್ಟು ಹೆದರಿಕೆ, ಗೌರವ. ಅತ್ತ ದೇವರು ಒಬ್ಬನಿದ್ದಾನೆಂದು ಅವಳಿಗೆ ಗೊತ್ತಿರಲಿಲ್ಲ. ಪ್ರಭುಸ್ವಾಮಿ ಹೋದದ್ದು ಒಂದು ಮಧ್ಯಾಹ್ನ. ಮೃತ್ಯುಂಜಯ ಬರುವವರೆಗೆ ಮಾಡುವುದೇನೂ ಇರಲಿಲ್ಲ. ಅವಳು ಹೋಗಿ ಆ ಕೋಣೆಯಲ್ಲಿ ಕೂತಳು. ಕರೆಂಟ್ ಹೋಗಿತ್ತು. ಫ್ಯಾನು ನಿಂತಿತ್ತು, ಬೆನ್ನಿನ ಮೇಲೆ ಬೆವರು ಇಳಿಯುತ್ತಿತ್ತು. ಯಾವ ದನಿಯೂ ಕೇಳಲಿಲ್ಲ, ಬೆಳಕೂ ಕಾಣಲಿಲ್ಲ. ಆದರೆ ಒಬ್ಬರೇ ಕೂತಾಗ ಕೋಣೆ ಇರುವ ಹಾಗೆ ಆ ಕೋಣೆ ಇರಲಿಲ್ಲ. ಇಷ್ಟೇ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಫಾದರ್‌ಗೂ ಕೂಡ. ಹೇಳಲು ಹೊರಟರೆ ಏನೂ ಇಲ್ಲದ ಹಾಗೆ ಕೇಳಿಸುತ್ತದೆ ಎಂಬ ಅಂಜಿಕೆ. ಆ ಏನೂ ಇಲ್ಲದ್ದನ್ನು ಹಿಡಿದುಕೊಂಡೇ ಅವಳು ಒಂಟಿ ರೂಮಿನಲ್ಲಿ ದೀಪ ಆರಿಸಿ ಮಲಗುತ್ತಿದ್ದಳು, ನಿದ್ದೆಯೂ ಬರುತ್ತಿತ್ತು.

ಕಾಳಿದಾಸ ರಸ್ತೆಯಲ್ಲಿ ಇಳಿದು ಒಳಬೀದಿಗೆ ತಿರುಗಿದಳು. ಗೇಟಿನ ಸದ್ದಿಗೆ ಹೇಮಶ್ರೀ ಬಂದು ಬಾಗಿಲು ತೆಗೆದಳು. ಅವಳ ಕಣ್ಣು ಮೊದಲು ಚೀಲಕ್ಕೆ ಹೋಯಿತು, ಮೇಲೆ ಬಂತು, ಹಣೆಯಲ್ಲಿ ನಿಂತಿತು.

"ಅತ್ತಿಗೇ!" ಎಂದಳು. ಕೈಯಲ್ಲಿದ್ದ ಸೌಟನ್ನು ಎಲ್ಲಿಡಬೇಕೆಂದು ತಿಳಿಯದೆ ಎಡಗೈಗೆ ಬದಲಾಯಿಸಿದಳು. "ಇಟ್ಕೊಂಡ್ ಬಂದಿದೀರಾ! ಅಯ್ಯೋ ನನ್ನಪ್ಪಾ ಶಿವನೇ. ಬನ್ನಿ, ಒಳಗ್ ಬನ್ನಿ, ಅಲ್ಲ್ಯಾಕೆ ನಿಂತಿದೀರ?"

ಈಗ ಹೇಳಬೇಕು ಎಂದು ಪ್ರೇಮಲೀಲಾಳಿಗೆ ಗೊತ್ತಿತ್ತು. ಹೊಸ್ತಿಲು ದಾಟುವ ಮುಂಚೆ. ಚಪ್ಪಲಿ ಬಿಡಲು ಬಗ್ಗಿದಳು. ಬಗ್ಗಿದ್ದರಿಂದ ಉತ್ತರ ಕೊಡದಿದ್ದರೂ ನಡೆಯಿತು. ಮೇಲೆದ್ದಾಗ ಒಳಗಿದ್ದಳು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು.

"ಇನ್ನೆರಡು ಕೂಗ್ಬೇಕು, ಬೇಳೆ ಗಟ್ಟಿ," ಎಂದು ಹೇಮಶ್ರೀ ಫೋನ್ ಎತ್ತಿಕೊಂಡಳು. ಮೃತ್ಯುಂಜಯ ಯಾವುದೋ ಕೆಲಸಕ್ಕೆ ನಂಜನಗೂಡಿಗೆ ಹೋಗಿದ್ದ. "ರೀ, ಅತ್ತಿಗೆ ಬಂದಿದಾರೆ. ಅಲ್ಲ ಕಣ್ರೀ, ಒಳಗೇ. ವಿಭೂತಿ ಇಟ್ಕೊಂಡ್ ಬಂದಿದಾರೆ! ನಿಮ್ಮಾಣೆ. ತಗೊಳ್ಳಿ, ಮಾತಾಡಿ." ಫೋನು ಕೈಗೆ ಬಂತು. ಆ ಕಡೆ ಲಾರಿಗಳ ಸದ್ದು, ಅದರ ನಡುವೆ ತಮ್ಮನ ಉಸಿರು.

"ಅಕ್ಕಾ."

"ಹೂಂ."

"ಸರಿ ಬುಡು. ಆಗಿದ್ದಾಯ್ತು. ನಾನೂ ಏನೇನೋ ಅಂದ್ಬುಟ್ಟಿದ್ದೆ. ಅವ್ವನ ಹತ್ರ ಕೂತ್ಕೊ. ಸಂಜೆ ಬಂದ್ಬುಡ್ತೀನಿ. ನೀನು ಬಂದಿದ್ದು ಒಳ್ಳೇದಾಯ್ತು ಕಣಕ್ಕ."

"ಹೂಂ," ಎಂದಳು ಅವಳು. ಕುಕ್ಕರ್ ಮತ್ತೊಮ್ಮೆ ಕೂಗಿತು. ಜ್ಞಾನಸ್ನಾನದ ಮುಂಚಿನ ತರಗತಿಯಲ್ಲಿ ಕೇಳಿದ ಕಥೆ ಆಗಲೇ ನೆನಪಿಗೆ ಬರಬೇಕೆ? ಗುರುವನ್ನು ಬಂಧಿಸಿದ ರಾತ್ರಿ ಚಳಿ ಕಾಯಿಸಿಕೊಳ್ಳಲು ಬೆಂಕಿಯ ಬಳಿ ಕೂತಿದ್ದ ಶಿಷ್ಯನನ್ನು ಕೆಲಸದವಳೊಬ್ಬಳು ನೀನೂ ಅವನ ಜೊತೆಯವನಲ್ಲವೇ ಎಂದು ಕೇಳುತ್ತಾಳೆ. ಕೋಳಿ ಕೂಗುವುದರೊಳಗೆ ಅವನು ಮೂರು ಸಲ ಅಲ್ಲ ಎಂದಿರುತ್ತಾನೆ. ಎಂಥ ಹೇಡಿ ಎಂದು ಅವತ್ತು ಅವಳಿಗೆ ಅನ್ನಿಸಿತ್ತು. ಅವನಾದರೂ ಬಾಯಿಬಿಟ್ಟು ಅಲ್ಲ ಎಂದ. ಅವನಿಗೆ ಪ್ರಾಣಭಯವಿತ್ತು. ತನಗೇನಿತ್ತು? ಜಗಲಿಯಿಂದ ಒಳಕೋಣೆಗೆ ಇರುವಷ್ಟು ದೂರ. ನಗು ಬಂತು, ಅಳುವೂ ಬಂತು, ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡಳು, ಹಣೆಗೆ ತಾಗದ ಹಾಗೆ.

ಅವ್ವ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಇಷ್ಟು ಸಣ್ಣಗಾಗಿದ್ದಾಳೆಂದು ಕೆಮ್ಮು ಮಾತ್ರ ಕೇಳುತ್ತಿದ್ದವಳಿಗೆ ಹೇಗೆ ಗೊತ್ತಾಗಬೇಕು. ಕಂಬಳಿ ಎದೆಯ ಹತ್ತಿರ ಉಬ್ಬಿತ್ತು. ಅದರೊಳಗೆ ಎರಡೂ ಕೈ ಸೇರಿಸಿ ಏನನ್ನೋ ಹಿಡಿದುಕೊಂಡ ಹಾಗಿತ್ತು.

"ಯಾರು?" ಎಂದಳು, ತಿರುಗದೆ.

"ನಾನವ್ವಾ. ಪ್ರೇಮ."

"ಹಣೆ?"

"ಇಟ್ಕೊಂಡಿದಾರೆ ಅತ್ತೆ!" ಎಂದು ಹಿಂದಿನಿಂದ ಹೇಮಶ್ರೀ ಹೆಚ್ಚುಕಡಿಮೆ ಕೂಗಿದಳು. "ಮೂರು ಬೆರಳೂ ಎಳ್ಕೊಂಡ್ ಬಂದಿದಾರೆ!"

ಅವ್ವ ನಿಧಾನವಾಗಿ ತಿರುಗಿದಳು. ಪೊರೆ ಬಂದ ಕಣ್ಣು ಎಲ್ಲೋ ನೋಡಿತು. ಕಂಬಳಿಯಿಂದ ಒಂದು ಕೈ ಹೊರಬಂದು ಗಾಳಿಯಲ್ಲಿ ಹುಡುಕಿತು. ಪ್ರೇಮಲೀಲಾ ಬಗ್ಗಿ ಅದಕ್ಕೆ ಹಣೆ ಕೊಟ್ಟಳು. ಒಣಗಿದ ಬೆರಳುಗಳು ಒಂದು ತುದಿಯಿಂದ ಶುರುವಾಗಿ ಗೆರೆಗಳ ಮೇಲೆಯೇ ನಡೆದವು. ಅವ್ವನ ಮುಖ ಬಿಚ್ಚಿಕೊಂಡಿತು. "ಬಂದ್ಯಾ ಮಗಾ," ಎಂದಳು. "ಬಂದ್ಯಾ." ಇನ್ನು ಒಂದೇ ಒಂದು ಸಲ ಸುಮ್ಮನಿದ್ದರೆ ಸಾಕಿತ್ತು. ಸಾಯುವವಳಿಗೆ ಇಷ್ಟು ಸಂತೋಷ ಕೊಡಬಾರದೇ? ಯಾವ ದೇವರು ಇದನ್ನು ತಪ್ಪೆಂದಾನು? ಕೇಳಿಕೊಂಡರೆ ಅವನೇ ಕ್ಷಮಿಸಿಯಾನು, ಸುಮ್ಮನಿರು ಎಂದಾನು. ಆದರೆ ಅವ್ವ ಬಂದ್ಯಾ ಎಂದು ಕರೆಯುತ್ತಿದ್ದುದು ಯಾರನ್ನು? ಆ ಬೆರಳುಗಳ ಕೆಳಗೆ ಇನ್ನೊಬ್ಬ ಹೆಂಗಸು ಬಗ್ಗಿ ನಿಂತಿದ್ದಳು. ತಾನು ಈಗಲೂ ಜಗಲಿಯ ಮೇಲೆ ನಿಂತು ಒಳಗಿನ ಮಾತು ಕೇಳಿಸಿಕೊಳ್ಳುತ್ತಿದ್ದಳು. ಇಷ್ಟು ಒಂಟಿತನ ರೂಮಿನಲ್ಲಿ ಯಾವತ್ತೂ ಆಗಿರಲಿಲ್ಲ. ಕುಕ್ಕರ್ ಮೂರನೆಯ ಸಲ ಕೂಗಿತು. ಆರಿಸಲು ಹೇಮಶ್ರೀ ಓಡಿದಳು.

"ಅವ್ವಾ, ಇದು ನಮ್ಮ ವಿಭೂತಿ ಅಲ್ಲ."

ಬೆರಳು ನಿಂತಿತು.

"ಚರ್ಚಲ್ಲಿ ಇಟ್ಟಿದ್ದು. ಅವರು ಶಿಲುಬೆ ಇಟ್ರು, ನಾನು ಮರೆತು ಬೆರಳಾಡಿಸ್ಬುಟ್ಟೆ. ಹೇಮ ತಪ್ಪು ತಿಳ್ಕೊಂಡ್ಳು, ನಾನು ಹೇಳ್ಲಿಲ್ಲ. ನಿನ್ನ ನೋಡ್ಬೇಕಿತ್ತು, ಅದಕ್ಕೆ. ನಾನು ವಾಪಸ್ ಬಂದಿಲ್ಲ ಅವ್ವಾ."

ಕೈ ಹಿಂದಕ್ಕೆ ಸರಿದು ಕಂಬಳಿಯೊಳಗೆ ಹೋಯಿತು. ಅವ್ವ ಕಣ್ಣು ಮುಚ್ಚಿಕೊಂಡಳು. ಅಡುಗೆಮನೆಯಲ್ಲಿ ತಟ್ಟೆಗಳ ಸದ್ದು. ಇನ್ನು ಎದ್ದು ಹೋಗಬೇಕು, ಹೋಗುವಾಗ ಹೇಮಶ್ರೀಗೆ ಏನು ಹೇಳಬೇಕು, ತಮ್ಮನಿಗೆ ಏನು ಎಂದು ಪ್ರೇಮಲೀಲಾ ಯೋಚಿಸಲು ನೋಡಿದಳು. ವಿಚಿತ್ರವೆಂದರೆ ಯೋಚನೆ ಬರಲಿಲ್ಲ. ಬೆಳಗಿನಿಂದ ಬಾಯಲ್ಲಿದ್ದ ಮಾತ್ರೆ ಇರಲಿಲ್ಲ. ಅಳು ಬಂದೀತೆಂದು ಕಾದಳು, ಬರಲಿಲ್ಲ. ಕರೆಂಟ್ ಹೋದ ಆ ಮಧ್ಯಾಹ್ನದ ಮೌನವೇ ಇಲ್ಲಿ ಬಂದು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತ ಹಾಗಿತ್ತು. ಹಾಗಿತ್ತೋ, ಹಾಗಿರಲಿ ಎಂದು ತಾನು ಅಂದುಕೊಂಡಳೋ ಎಂದು ಅಭ್ಯಾಸಬಲದಿಂದ ಕೇಳಿಕೊಂಡಳು, ಉತ್ತರಕ್ಕೆ ಕಾಯಲಿಲ್ಲ.

"ಯಾತರ ಬೂದಿ ಅದು?" ಎಂದಳು ಅವ್ವ, ಕಣ್ಣು ಮುಚ್ಚಿಕೊಂಡೇ.

"ತೆಂಗಿನ ಗರಿ. ಹೋದ ವರ್ಷ ಗರಿ ಹಬ್ಬಕ್ಕೆ ಚರ್ಚಲ್ಲಿ ಕೊಟ್ಟಿದ್ದು. ಎಲ್ಲರ ಮನೇದೂ ವಾಪಸ್ ತಗೊಂಡು ಸುಡ್ತಾರೆ."

"ತೆಂಗಿನ ಗರೀನಾ?" ಅವ್ವ ಮೂಗು ಮುರಿದಳು. "ಥೂ. ಅದೆಂಗೆ ಹಣೇಲಿ ನಿಲ್ಲುತ್ತೆ? ಸೋಸ್ತಾರಾ?"

"ಗೊತ್ತಿಲ್ಲವ್ವ."

"ಸೋಸಿಲ್ಲ. ಬೆರಳಿಗೆ ಹರಳು ಸಿಕ್ತು." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡಳು. "ಇಡೋವಾಗ ಏನಂತಾರೆ?"

"ಮಣ್ಣಿಂದ ಬಂದೋಳು ಮಣ್ಣಿಗೇ ಹೋಗ್ತೀಯ ಅಂತ."

"ಅದೇನ್ ಮಹಾ ಹೇಳ್ಬುಟ್ರು. ನಾವೂ ಮಣ್ಣಿಗೇ ಹೋಗೋರು." ಎದ್ದು ಹೋಗು ಎನ್ನಲಿಲ್ಲ. "ನೀನು ಫ್ಯಾನ್ ಗಾಳಿಗೆ ಹೋದೆ ಅಂತಾನೆ ನಿನ್ ತಮ್ಮ."

"ಫ್ಯಾನಿಗೇ ಹೋಗಿದ್ದು ಅವ್ವಾ, ಮೊದಮೊದಲು." ಮುಂದಿನದು ಹೊರಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. "ಅವರು ಹೋದ ದಿನ ಕರೆಂಟ್ ಇರಲಿಲ್ಲ. ಅವತ್ತೂ ಅಲ್ಲೇ ಕೂತಿದ್ದೆ."

"ಸೆಕೆ ಆಗ್ಲಿಲ್ವಾ?"

"ಆಯ್ತು. ಆದ್ರೂ ಎದ್ದು ಬರೋಕೆ ಮನಸಾಗ್ಲಿಲ್ಲ."

"ಹೂಂ," ಎಂದಳು ಅವ್ವ. ಒಪ್ಪಿದ ಹೂಂ ಅಲ್ಲ. ಸಗಣಿಯ ಬೂದಿ ಚೆನ್ನಾಗಿ ಬೆಂದಿದೆಯೋ ಇಲ್ಲವೋ ಎಂದು ಬೆರಳಿಂದ ಉಜ್ಜಿ ನೋಡಿ, ಇನ್ನೂ ಹೇಳಲಾಗದು ಎಂಬಂತೆ ಹಾಕುತ್ತಿದ್ದ ಹೂಂ. ಆಮೇಲೆ ಕಂಬಳಿ ಸರಿಸಿದಳು. ಎದೆಯ ಮೇಲೆ ಎರಡು ಕರಡಿಗೆಗಳಿದ್ದವು. ಒಂದು ಅವ್ವನದು, ಸವೆದು ಹೊಳಪಾದದ್ದು. ಇನ್ನೊಂದರ ಮುಚ್ಚಳದ ಅಂಚಿನಲ್ಲಿ ಸಣ್ಣ ತಗ್ಗು. ಮದುವೆಯ ವರ್ಷ ಬಚ್ಚಲಕಲ್ಲಿನ ಮೇಲೆ ಬಿದ್ದಾಗ ಆದದ್ದು. ಅದು ಮಠಕ್ಕೆ ಸೇರಿದೆ ಎಂದು, ಇಲ್ಲವೇ ಕಪಿಲಾ ನದಿಯಲ್ಲಿ ಬಿಟ್ಟಿದ್ದಾರೆ ಎಂದು ಪ್ರೇಮಲೀಲಾ ತಿಳಿದಿದ್ದಳು.

"ಹೊಳೆಗೆ ಬುಡವ್ವ ಅಂದ ನಿನ್ ತಮ್ಮ. ಬದುಕಿರೋಳ ಲಿಂಗಾನ ಎಂಗೆ ಹೊಳೆಗೆ ಬುಡ್ಲಿ? ದಿನಾ ಎರಡಕ್ಕೂ ನೀರಾಕ್ತಿದ್ದೆ. ಒಂದೇ ಕೈಲಿ ಎರಡು ಕೂರಲ್ಲ, ಒಂದಾದ್ಮೇಲೊಂದು. ಆ ಹುಡುಗಿ ಹೇಮಂಗೆ ಹೊತ್ತಾಗೋದು, ತಿಂಡಿ ಆರೋಯ್ತದೆ ಅಂತ ಗೊಣಗೋಳು." ಉಸಿರು ನಿಂತು ನಿಂತು ಬರುತ್ತಿತ್ತು. "ಇನ್ನ ನನ್ ಕೈಲಾಗಲ್ಲ. ಮಂಡಕಳ್ಳೀಲಿ ನಿಮ್ಮಪ್ಪನ ಪಕ್ಕ ನನ್ನ ಗುಂಡೀಲಿ ಕೂರಿಸ್ತಾರೆ. ನಂದು ನನ್ ಕೈಗಿಡ್ತಾರೆ. ನಿಂದು? ತಗೊಂಡೋಯ್ತೀಯಾ, ಇಲ್ಲ ನನ್ ಜೊತೆ ಮಣ್ಣಿಗೆ ಬರ್ಲಿ ಅಂತೀಯಾ?"

ತಗೊಂಡು ಹೋಗುತ್ತೇನೆ ಎನ್ನಬಹುದಿತ್ತು. ಎರಡು ವರ್ಷ ದಿನಾ ನೀರು ಹಾಕಿದ ಕೈ ಅದು. ಆ ಕೈಯಿಂದ ತೆಗೆದುಕೊಳ್ಳುವುದು ಎಷ್ಟು ಸುಲಭ. ತೆಗೆದುಕೊಂಡರೆ ರೂಮಿನ ಕಪಾಟಿನಲ್ಲಿ ಬಟ್ಟೆಯ ಕೆಳಗೆ ಇಡುತ್ತಾಳೆ, ನೀರು ಹಾಕುವುದಿಲ್ಲ, ಅದೂ ಅವ್ವನಿಗೆ ಗೊತ್ತು. ಬೇಡ ಎಂದರೆ ತನ್ನದೊಂದು ಭಾಗ ತನಗಿಂತ ಮೊದಲೇ ಮಣ್ಣಿಗೆ ಹೋಗುತ್ತದೆ. ಹೋಗಲಿ. ಅವ್ವನ ಪಕ್ಕ ಹೋಗುವುದಾದರೆ ಆ ಭಾಗದ ಬಗ್ಗೆ ಹೆದರಿಕೆಯೇನೂ ಇಲ್ಲವೆಂದು ಅವಳಿಗೆ ಮೆಲ್ಲಗೆ, ಆಶ್ಚರ್ಯದಂತೆ ತಿಳಿಯಿತು.

"ನಿನ್ ಜೊತೆ ಇರ್ಲಿ ಅವ್ವಾ," ಎಂದಳು.

ಅವ್ವ ಆ ಎರಡನ್ನೂ ಮತ್ತೆ ಒಂದೇ ಕೈಯ ಕೆಳಗೆ ಸೇರಿಸಿಕೊಂಡಳು. "ಹಂಗಾದ್ರೆ ನಾನು ಒಬ್ಳೇ ಹೋಗಲ್ಲ ಬುಡು," ಎಂದಳು. ಸ್ವಲ್ಪ ಹೊತ್ತಿನ ಮೇಲೆ, ನಿದ್ದೆ ಹೋದಳೆಂದು ಪ್ರೇಮಲೀಲಾ ಅಂದುಕೊಂಡಾಗ, "ನೀನು? ಆ ರೂಮಲ್ಲಿ ನಿನ್ ಜೊತೆ ಯಾರವ್ರೆ?" ಎಂದಳು.

ಚರ್ಚಿನಲ್ಲಿ ಯಾರಾದರೂ ಕೇಳಿದ್ದರೆ ಹೇಳಬೇಕಾದ ಉತ್ತರ ಅವಳಿಗೆ ಗೊತ್ತಿತ್ತು. ಆದರೆ ಅವ್ವನ ಮುಂದೆ ಕಲಿತ ಉತ್ತರ ಹೇಳಲಾಗದು.

"ಒಬ್ಳೇ ಅವ್ವಾ," ಎಂದಳು. "ಆದ್ರೆ ಮುಂಚಿನಂಗಲ್ಲ."

ಅವ್ವ ಪೊರೆಗಣ್ಣನ್ನು ಅವಳ ದನಿಯ ಕಡೆ ತಿರುಗಿಸಿದಳು. ಆಮೇಲೆ ಗೋಡೆಯ ಗೂಡಿನ ಕಡೆ ಗಲ್ಲ ಎತ್ತಿ ತೋರಿಸಿದಳು. ಗೂಡಿನಲ್ಲಿ ಈ ಶಿವರಾತ್ರಿಯ ಗಟ್ಟಿ ಇತ್ತು. ಮಾಡಿದವರು ಯಾರೋ, ಕೊಂಡುತಂದದ್ದು. "ನನಗಿಡು. ಬೆಳಿಗ್ಗೆ ಆ ಹುಡುಗಿ ಇಟ್ಟಿದ್ದು ಸೊಟ್ಟಗಾಗ್ಯದೆ." ಪ್ರೇಮಲೀಲಾ ಎದ್ದಳು. ಇದು ಸರಿಯೋ ತಪ್ಪೋ, ಫಾದರ್ ಏನೆಂದಾರೋ, ಸವೇರಮ್ಮ ಏನೆಂದಾರೋ ಎಂಬ ಪ್ರಶ್ನೆಗಳು ಎಂದಿನಂತೆ ಸಾಲಾಗಿ ಬಂದು ನಿಂತವು. ಅವು ನಿಂತಿದ್ದಂತೆಯೇ ಅವಳು ಬೆರಳು ಒದ್ದೆ ಮಾಡಿ, ಗಟ್ಟಿಯ ಮೇಲೆ ಉಜ್ಜಿ, ಅವ್ವನ ಹಣೆಯ ಸುಕ್ಕುಗಳ ಮೇಲೆ ಮೂರು ಗೆರೆ ಎಳೆದಳು. ಸಾಯುವ ತಾಯಿ ಮುಖ ತೊಳೆಯೆಂದರೆ ತೊಳೆಯುವ ಹಾಗೆ. ಗೆರೆ ನೇರವಾಗಿ ಬಂತು. ಅವ್ವ ಹಣೆಯನ್ನು ಸ್ವಲ್ಪ ಮುಂದಕ್ಕೊಡ್ಡಿ, ಸಮಾಧಾನಗೊಂಡ ಮಗುವಿನ ಹಾಗೆ ಕಣ್ಣು ಮುಚ್ಚಿದಳು. "ನಿಂದು ಉದುರೋಯ್ತದೆ," ಎಂದಳು. "ಮುಟ್ಕೋಬ್ಯಾಡ. ಅವರಿಟ್ಟಿದ್ದು, ಇರೋಗಂಟ ಇರ್ಲಿ."

"ಅತ್ತಿಗೇ, ಬನ್ನಿ, ಒಳಗೇ ತಟ್ಟೆ ಹಾಕಿದೀನಿ!" ಎಂದು ಹೇಮಶ್ರೀ ಕರೆದಳು. ದನಿಯಲ್ಲಿ ಇನ್ನೂ ಅದೇ ಸಂಭ್ರಮ. ಇವತ್ತು ವಿಭೂತಿ ಬುಧವಾರದ ಉಪವಾಸ, ಒಂದೇ ಹೊತ್ತು ಊಟ. ಅದು ಇಲ್ಲೇ ಆಗಬಹುದು, ಇಲ್ಲವೇ ಇನ್ನು ಮುಂದೆ ಯಾವತ್ತೂ ಇಲ್ಲಿ ಆಗದೆಯೂ ಇರಬಹುದು. ಪ್ರೇಮಲೀಲಾ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು. ಬೆಳ್ಳಗಾಗಿದ್ದ ಮೂರು ಬೆರಳನ್ನು ಯಾವುದಕ್ಕೂ ತಾಗಿಸದೆ ಎತ್ತಿ ಹಿಡಿದಿದ್ದಳು. ಸಾರಿನ ಹಬೆ ಮುಖಕ್ಕೆ ಬಂತು.

"ಹೇಮಾ," ಎಂದಳು. "ಬಡಿಸೋಕೆ ಮುಂಚೆ ಒಂದು ಮಾತು ಕೇಳು. ನನ್ನ ಹಣೇಲಿರೋದು..."

"ಏ ಹೇಮಾ," ಒಳಗಿನಿಂದ ಅವ್ವನ ದನಿ ಬಂತು, ಸಣ್ಣಗೆ, ಆದರೆ ಹಿಂದೆ ಹಿತ್ತಲಿನಿಂದ ಇಡೀ ಮನೆಯನ್ನು ಕರೆಯುತ್ತಿದ್ದ ದನಿಯೇ. "ಮೊದ್ಲು ಅನ್ನ ಹಾಕೇ ಅವಳಿಗೆ. ಮಾತು ಆಮೇಲೆ ಕೇಳೀವಂತೆ."